ಹಗುರಾದ ಗಳ

“ಮೇಡಂ, ಭಾರ ಇಳಿಸಿದ್ರೆ ನೋವು ಹೇಗೆ ಹೆಚ್ಚಾಗುತ್ತೆ?”

ಚಂದನ್ ಹೀಗೆ ಕೇಳಿದಾಗ ಸಂಜೆಯ ತರಗತಿ ಮುಗಿದು ಎಲ್ಲರೂ ಹೋಗಿದ್ದರು. ಅವನು ಕೇಳಿದ್ದು ಚೂಡಾಮಣಿಯವರನ್ನು. ಬಹುಕಾಲ ಜನರ ಬೆನ್ನು, ಮಂಡಿ, ಭುಜಗಳನ್ನು ನೋಡಿ ಪಳಗಿದ ಆಕೆ ಈಗ ಪಿಲಾಟಿಸ್ ಎಂಬ ವ್ಯಾಯಾಮ ಕಲಿಸುವವರಿಗೆ ಕಲಿಸುತ್ತಿದ್ದರು. ಚಂದನ್ ಅವರ ಶಿಷ್ಯ. ಈಚೆಗಷ್ಟೇ ತಾನೂ ಒಂದು ಸಣ್ಣ ಗುಂಪಿಗೆ ಹೇಳಿಕೊಡಲು ತೊಡಗಿದ್ದ.

ಆ ಗುಂಪಿನಲ್ಲಿ ಮಂದಾಕಿನಿ ಎಂಬ ಶಾಲಾ ಶಿಕ್ಷಕಿ ಇದ್ದರು. ಅವರಿಗೆ ನಡುನೋವು. ದಿನವಿಡೀ ನಿಂತು ಪಾಠ ಮಾಡಲಾಗದೆ ಕೆಲಸ ಬಿಡಬೇಕಾದೀತು ಎಂದು ಹೆದರಿ ಬಂದವರು. ಅಂದು ಚಂದನ್ ಅವರನ್ನು ರಿಫಾರ್ಮರ್ ಮೇಲೆ ಮಲಗಿಸಿದ್ದ. ಅದು ಮಂಚದಂಥ ಉದ್ದನೆಯ ಚೌಕಟ್ಟು. ಒಳಗೆ ಹಿಂದೆ ಮುಂದೆ ಜಾರುವ ಹಾಸು, ಅದನ್ನು ಎಳೆದಿಡುವ ಸ್ಪ್ರಿಂಗುಗಳು, ಪಾದ ಸಿಕ್ಕಿಸಲು ಎರಡು ಪಟ್ಟಿಗಳು. ಪಟ್ಟಿಯಲ್ಲಿ ಪಾದವಿಟ್ಟು, ಕಾಲು ಮೇಲೆತ್ತಿ, ಗಾಳಿಯಲ್ಲಿ ನಿಧಾನವಾಗಿ ಸುತ್ತು ಹಾಕಬೇಕು. ಮಂದಾಕಿನಿಯವರ ಕಾಲು ನಡುಗಿತು. ಚಂದನ್ ಹಾಸನ್ನು ನಿಲ್ಲಿಸಿ, ಬಗ್ಗಿ, ಎಳೆತ ಹಗುರಾಗಲೆಂದು ಒಂದು ಸ್ಪ್ರಿಂಗ್ ಬಿಡಿಸಿದ. ಕಾಲು ಇನ್ನೂ ನಡುಗಿತು. ಮತ್ತೆ ಬಗ್ಗಿ ಇನ್ನೊಂದನ್ನು ಬಿಡಿಸಿದ. ಆಮೇಲೆ ಅವರ ನಡು ಹಿಡಿದುಕೊಂಡಿತು. ಇಬ್ಬರು ಸೇರಿ ಎಬ್ಬಿಸಿ ಆಟೋ ಹತ್ತಿಸಬೇಕಾಯಿತು.

“ಪಾಪ ಅನ್ನಿಸಿ ಕಮ್ಮಿ ಮಾಡಿದೆ ಮೇಡಂ. ಒಳ್ಳೇದಾಗ್ಲಿ ಅಂತಲೇ ಮಾಡಿದ್ದು,” ಎಂದ.

“ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದೆ,” ಎಂದರು ಚೂಡಾಮಣಿ. ಬೈಯಲಿಲ್ಲ. ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ದೊಂಬರಾಟದವನಿದ್ದ. ಗಳಗಳನ್ನು ಕತ್ತರಿಯಾಗಿ ನಿಲ್ಲಿಸಿ, ಹಗ್ಗ ಬಿಗಿದು, ಅದರ ಮೇಲೆ ನಡೆಯುವುದು ಅವನ ಕಸುಬು. ಮೈಯಲ್ಲಿ ಕಸುವು ಇಳಿದ ಮೇಲೆ ಮಗಳಿಗೆ ಕಲಿಸಲು ಹೊರಟ. ಇದ್ದದ್ದು ಒಬ್ಬಳೇ ಮಗಳು. ಅವಳು ಹಗ್ಗ ಹತ್ತಿದರೆ ಅಪ್ಪ, ಅಮ್ಮ, ಮಗಳು ಮೂವರ ಹೊಟ್ಟೆ ತುಂಬುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಅವನ ಮನೆತನದಲ್ಲಿ ಕಲಿಸುವವರಿಗೆ ಎರಡು ಕಟ್ಟಳೆಗಳಿದ್ದವು. ಕಲಿಯುವವರು ಅಡ್ಡ ಹಿಡಿಯುವ ಬಿದಿರಿನ ಗಳ ಉದ್ದವಾಗಿರಬೇಕು, ತೂಕವಾಗಿಯೂ ಇರಬೇಕು. ಹಗ್ಗದ ಕೆಳಗೆ ಜೊತೆಜೊತೆಗೆ ನಡೆಯುವವನ ಕೈ ಬರಿದಾಗಿರಬೇಕು. ಡೋಲನ್ನು ಕೂಡ ಅವನು ಹಿಡಿಯುವಂತಿಲ್ಲ. ಹಾಗಾಗಿ ಡೋಲು ಅವನ ಹೆಂಡತಿಯ ಕೊರಳಲ್ಲಿ ಇರುತ್ತಿತ್ತು. ಇದೆಲ್ಲ ಏಕೆ ಎಂದು ಅವನು ತನ್ನ ಅಪ್ಪನನ್ನು ಕೇಳಿರಲಿಲ್ಲ. ಅಪ್ಪ ತಾನಾಗಿ ಹೇಳಿರಲೂ ಇಲ್ಲ.

ಹುಡುಗಿ ಹಳೆಯ ಗಳ ಹಿಡಿದು ನಡೆಯಲು ಕಲಿತಳು. ಹೆಜ್ಜೆ ನಿಧಾನವಾಗಿತ್ತು, ಆದರೆ ಗಟ್ಟಿಯಾಗಿತ್ತು. ಹಗ್ಗದಿಂದ ಇಳಿದ ಮೇಲೆ ಮಾತ್ರ ತೋಳು ಎತ್ತಲಾಗುತ್ತಿರಲಿಲ್ಲ. ತಾಯಿ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ಅದನ್ನು ನೋಡಿ ಅಪ್ಪನ ಕರುಳು ಚುರ್ ಎಂದಿತು. ಒಂದು ದಿನ ಗರಗಸ ತಂದು ಗಳದ ಎರಡು ತುದಿಯಲ್ಲೂ ಒಂದೊಂದು ಗೇಣು ಕೊಯ್ದುಬಿಟ್ಟ. ಮಗಳು ಎತ್ತಿ ನೋಡಿ, “ಹಗುರ ಆಯ್ತಪ್ಪಾ,” ಎಂದು ನಕ್ಕಳು. ಅವನಿಗೆ ಆಕಾಶಕ್ಕೆ ಮೂರೇ ಗೇಣು ಉಳಿದಿತ್ತು. ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ.

ಮಾರನೆಯ ದಿನ ಹಗ್ಗದ ಮೇಲೆ ಅವಳ ಪಾದ ನಡುಗಿತು. ಭಾರ ಇನ್ನೂ ಹೆಚ್ಚಾಗಿದೆ ಎಂದುಕೊಂಡು ಅಪ್ಪ ಮತ್ತೆ ಕೊಯ್ದ. ನಡುಕ ಹೆಚ್ಚಿತು. ಅವನು ಇನ್ನೂ ಕೊಯ್ದ. ಅವನ ಪ್ರೀತಿಯಲ್ಲಿ ಸುಳ್ಳಿರಲಿಲ್ಲ, ಅದನ್ನು ಯಾರೂ ಅಲ್ಲಗಳೆಯಲಾಗದು. ಗರಗಸ ಪದೇ ಪದೇ ಬೇಕಾಗುತ್ತಿದ್ದುದರಿಂದ ಅದನ್ನು ಕೆಳಗಿಡುವುದನ್ನೇ ಬಿಟ್ಟ. ಹಗ್ಗದ ಕೆಳಗೆ ನಡೆಯುವಾಗಲೂ ಅದು ಕೈಯಲ್ಲೇ ಇರುತ್ತಿತ್ತು.

“ಗಳ ಹೋಗಿ ಒನಕೆ ಆಯ್ತಲ್ಲ,” ಎಂದು ಹೆಂಡತಿ ಒಮ್ಮೆ ಅಂದಳು. ಅವನು ನಕ್ಕುಬಿಟ್ಟ.

ಒಂದು ಊರಿನ ಸಂತೆ ಮಾಳದಲ್ಲಿ ಆಟ ಹಾಕಿದರು. ಜನ ಸೇರಿದ್ದರು. ಹುಡುಗಿ ಹಗ್ಗದ ನಟ್ಟನಡುವೆ ಬಂದಾಗ ಹಗ್ಗ ಎಡಕ್ಕೆ ಸರಿಯಿತು. ಹಳೆಯ ಗಳವಾಗಿದ್ದರೆ ಅದರ ತೂಕವೇ ಅವಳನ್ನು ತಡೆದು ನಿಲ್ಲಿಸುತ್ತಿತ್ತು. ಈ ತುಂಡಿನಲ್ಲಿ ತಡೆಯುವಂಥದ್ದು ಏನೂ ಉಳಿದಿರಲಿಲ್ಲ. ಅವಳ ಕಾಲು ಥರಥರ ನಡುಗಿತು. ಅಪ್ಪ ಕೆಳಗೆ ನಿಂತು ಗಳದ ತುದಿಯನ್ನು ನೋಡುತ್ತಿದ್ದ. ಇನ್ನೆಷ್ಟು ಕೊಯ್ಯಬಹುದು ಎಂದು ಕಣ್ಣಲ್ಲೇ ಅಳೆಯುತ್ತಿದ್ದ.

ಅವಳು ಬಿದ್ದಳು. ಅವನು ಎರಡೂ ಕೈ ಚಾಚಿದ. ಒಂದು ಕೈಯಲ್ಲಿ ಗರಗಸವಿತ್ತು. ಅದು ಮಗಳಿಗೆ ತಾಗೀತು ಎಂದು ಹೆದರಿ ಆ ಕೈಯನ್ನು ಹಿಂದಕ್ಕೆಳೆದುಕೊಂಡ. ಒಂದೇ ಕೈಗೆ ಅವಳು ಸಿಗಲಿಲ್ಲ.

ಕಾಲಿನ ಮೂಳೆ ಮುರಿದಿತ್ತು. ನಾಟಿ ವೈದ್ಯ ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ದಬ್ಬೆ ಹುಡುಕಲು ದೂರ ಹೋಗಬೇಕಾಗಲಿಲ್ಲ, ಕೊಯ್ದ ತುಂಡುಗಳು ಅಲ್ಲೇ ಬಿದ್ದಿದ್ದವು. ಅಪ್ಪ ಮಗಳ ತಲೆದೆಸೆಯಲ್ಲಿ ಕೂತ.

“ಹಳೇ ಗಳ ಹಿಡಿದಾಗ ಕೈ ನೋಯ್ತಿತ್ತಪ್ಪಾ,” ಎಂದಳು ಹುಡುಗಿ. “ಆದ್ರೆ ಹಗ್ಗ ಸುಮ್ನೆ ಇರ್ತಿತ್ತು.”

“ಅದನ್ನ ಮೊದಲೇ ಯಾಕವ್ವಾ ಹೇಳ್ಲಿಲ್ಲ?”

“ನೀನು ಕೊಯ್ದಾಗೆಲ್ಲ ಎಷ್ಟು ಖುಷಿಯಾಗಿ ಇರ್ತಿದ್ದೆ.”

ದೊಂಬರಾಟದವನು ಅತ್ತುಬಿಟ್ಟ. ಮತ್ತೇನು ಮಾಡಿಯಾನು?

ಚೂಡಾಮಣಿ ಕತೆ ನಿಲ್ಲಿಸಿದರು. ಚಂದನ್ ಎದ್ದು ಹೋಗಿ ರಿಫಾರ್ಮರ್ ಪಕ್ಕ ಕೂತು ಸ್ಪ್ರಿಂಗುಗಳನ್ನು ನೋಡಿದ. ಅವನು ಬಿಡಿಸಿದ ಎರಡೂ ಇನ್ನೂ ಹಾಗೇ ಬಿಟ್ಟುಕೊಂಡಿದ್ದವು. ಒಂದನ್ನು ಕೊಂಡಿಗೆ ಸಿಕ್ಕಿಸಿದ. ಮತ್ತೊಂದನ್ನೂ ಸಿಕ್ಕಿಸಿದ.

“ಅರ್ಥ ಆಯ್ತು ಮೇಡಂ,” ಎಂದ. “ಕಾಲು ಪಟ್ಟಿಯಲ್ಲಿದ್ದಾಗ ಆ ಕಾಲನ್ನ ಎತ್ತಿ ಹಿಡಿಯೋದೇ ಈ ಸ್ಪ್ರಿಂಗು. ನಾನು ಬಿಡಿಸ್ತಾ ಹೋದ ಹಾಗೆ ಕಾಲಿನ ಭಾರ ಎಲ್ಲಾ ಅವರ ನಡುವಿನ ಮೇಲೆ ಬಿತ್ತು. ಇನ್ಮೇಲೆ ಪಟ್ಟಿ ಕಟ್ಟಿದಾಗ ಸ್ಪ್ರಿಂಗ್ ಇಳಿಸೋದೇ ಇಲ್ಲ.”

ಹೇಳಿ ಮುಗಿಸಿದಾಗ ಅವನಿಗೆ ಸ್ವಲ್ಪ ಹಗುರವಾದಂತಿತ್ತು. ತಪ್ಪು ಎಲ್ಲಿತ್ತೆಂದು ಗೊತ್ತಾಗಿತ್ತು, ಪರಿಹಾರವೂ ಕೈಗೆ ಸಿಕ್ಕಿತ್ತು. ನಾಳೆ ಬೆಳಿಗ್ಗೆ ಮಂದಾಕಿನಿಯವರ ಮನೆಗೆ ಹೋಗಿ ಕ್ಷಮೆ ಕೇಳಬೇಕು, ಮತ್ತೆ ಬನ್ನಿ ಎಂದು ಕರೆಯಬೇಕು ಎಂದುಕೊಂಡ.

“ಗಳದ ವಿಷಯ ಸರಿಯಾಗಿ ಹೇಳಿದೆ,” ಎಂದರು ಚೂಡಾಮಣಿ. ಕಿಟಕಿ ಮುಚ್ಚಿ, ಬೀಗದ ಕೈ ತೆಗೆದುಕೊಂಡು, ಬಾಗಿಲವರೆಗೆ ಹೋಗಿ ತಿರುಗಿದರು.

“ಕಾಲು ನಡುಗ್ತಿದ್ದಾಗ ಆಕೆ ಮುಖ ಹೇಗಿತ್ತು ಚಂದನ್?”

ಚಂದನ್‌ನ ಕೈ ಇನ್ನೂ ಸ್ಪ್ರಿಂಗಿನ ಮೇಲೆಯೇ ಇತ್ತು. ಆಗಲೂ ಅವನು ಬಗ್ಗಿ ನೋಡಿದ್ದು ಅದನ್ನೇ.