ಯಾರ ಮನೆ ಚಮಚ?

ನರ್ಸಿಂಗ್ ಕಾಲೇಜಿನ ಕ್ಯಾಂಟೀನಿನಲ್ಲಿ ಪಳಪಳ ಹೊಳೆಯುವ ಸ್ಟೀಲ್ ಚಮಚವೊಂದಿತ್ತು. ಉಪ್ಪು, ಖಾರ ಹಾಕಿ ಹಾಕಿ ಸಾಕಾಗಿ, ವಾರ್ಡಿಗೆ ಹೋಗಿ ಮಕ್ಕಳಿಗೆ ಔಷಧಿ ಕುಡಿಸಬೇಕೆಂಬ ಆಸೆ ಅದಕ್ಕೆ ಹುಟ್ಟಿತು. ತಾನು ಸೇರಲಿದ್ದ ನರ್ಸಿಂಗ್ ತರಗತಿ ಶುರುವಾಗುವ ಮೊದಲೇ ಒಂದಿಷ್ಟು ಕೆಮಿಸ್ಟ್ರಿ ಕಲಿತುಬಿಡೋಣವೆಂದು ಲ್ಯಾಬಿಗೆ ಹೋಗಿ, ಗಾಜಿನ ಅಳತೆ ಜಾಡಿಯ ಮುಂದೆ ನಿಂತಿತು.

"ಮೇಷ್ಟ್ರೇ, ಅಳತೆ ನನಗೆ ಹೊಸದಲ್ಲ. ಕಣ್ಣಂದಾಜಿನಲ್ಲೇ ಕಾಲೇಜಿಗೆಲ್ಲ ಸಾರು ಮಾಡಿದವಳು ನಾನು."

"ಸಂತೋಷ. ನಿನ್ನಲ್ಲಿ ಎಷ್ಟು ಹಿಡಿಯುತ್ತದಮ್ಮ?"

"ಒಂದು ಚಮಚ."

"ಯಾರ ಮನೆ ಚಮಚ?"

ಚಮಚಕ್ಕೆ ನಗು ಬಂತು. ನೀರು ತುಂಬಿಕೊಂಡು ಜಾಡಿಗೆ ಸುರಿಯಿತು. ಜಾಡಿ ಬರಿದು ಮಾಡಿಸಿ ಮತ್ತೆ ಸುರಿಸಿತು. ಒಮ್ಮೆ ನೀರು ಜಾಡಿಯ ಗೆರೆ ದಾಟಿತು, ಒಮ್ಮೆ ಗೆರೆ ಮುಟ್ಟಲೇ ಇಲ್ಲ. ನಗು ನಿಂತಿತು.

"ಸಾರಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸುತ್ತೀಯ," ಎಂದಿತು ಜಾಡಿ. "ಮಗುವಿನ ಹೊಟ್ಟೆಗೆ ಇಳಿದ ಔಷಧಿಗೆ ಏನು ಬೆರೆಸುತ್ತೀಯ? ಅಳತೆ ನಿಲ್ಲದವರನ್ನು ವಾರ್ಡಿಗೆ ಬಿಡುವುದಿಲ್ಲ."

ಚಮಚ ಅಳಲಿಲ್ಲ. ಪಕ್ಕದಲ್ಲಿದ್ದ, ಗಾಜು ಕೊರೆಯುವ ಅರವನ್ನು ಕರೆಯಿತು. "ಅಣ್ಣಾ, ಮೇಷ್ಟ್ರು ಅಳೆದು ಕೊಟ್ಟ ನೀರು ನನ್ನೊಳಗೆ ಎಲ್ಲಿ ನಿಲ್ಲುತ್ತೋ ಅಲ್ಲಿ ಒಂದು ಗೆರೆ ಎಳಿ."

"ಹೊಳಪು ಹೋಗುತ್ತೆ ತಂಗಿ."

"ಹೋಗಲಿ ಬಿಡಣ್ಣ. ರೋಗಿಗಳು ನನ್ನಲ್ಲಿ ಮುಖ ನೋಡ್ಕೊಳ್ಳೋಕೆ ಬರ್ತಾರಾ?"

ಅರ ಗೀರಿತು. ಆಮೇಲೆ ಆ ಗೀರಿನವರೆಗೆ ತುಂಬಿಕೊಂಡು ಎಷ್ಟು ಸಲ ಸುರಿದರೂ ನೀರು ಜಾಡಿಯ ಗೆರೆಗೇ ಬಂದು ನಿಂತಿತು.

ಮರಳಿ ಬಂದಾಗ ಕ್ಯಾಂಟೀನಿನ ಸೌಟು ಆ ಗೀರನ್ನು ಕಂಡು ಹೌಹಾರಿತು. "ಅಯ್ಯೋ ಹುಚ್ಚಿ, ಓದೋಕೆ ಹೋಗಿ ಮೈಗೆ ಗಾಯ ಮಾಡ್ಕೊಂಡು ಬಂದ್ಯಾ?"

"ಗಾಯ ಅಲ್ಲಕ್ಕಾ, ಅಳತೆ. ದಾರಿ ಬಿಡು, ಕ್ಲಾಸಿಗೆ ಹೊತ್ತಾಯ್ತು."