ಹಾಲ್‌ಟಿಕೆಟ್ ಸ್ಕ್ರಿಪ್ಟಿನ ಸಿಟ್ಟು

ಒಂದು ಶಾಲೆಯ ಕಚೇರಿಯಲ್ಲಿ ಹಾಲ್‌ಟಿಕೆಟ್ ಮುದ್ರಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಇತ್ತು. ಹಳೆಯ ಕಂಪ್ಯೂಟರಿನಲ್ಲಿ ಅದು ಏಳು ವರ್ಷ ತಕರಾರಿಲ್ಲದೆ ದುಡಿದಿತ್ತು. ಹೊಸ ಕಂಪ್ಯೂಟರಿಗೆ ಹಾಕಿದ ದಿನವೇ ಪರದೆಯ ಮೇಲೆ ಎರರ್ ಬಂತು: "ಫೋಟೋ ಯಾವ ಫೋಲ್ಡರಿನಲ್ಲಿದೆ ಎಂದು ತಿಳಿಸಿಲ್ಲ."

ಸ್ಕ್ರಿಪ್ಟ್ ಕೆರಳಿತು. "ನಾಳೆ ಪರೀಕ್ಷೆ. ಕಿಟಕಿಯಾಚೆ ಮಕ್ಕಳು ಸಾಲುಗಟ್ಟಿ ನಿಂತಿದ್ದಾರೆ. ಇವತ್ತು ಬಂದ ನೀನು ನನಗೆ ಕೆಲಸ ಕಲಿಸುತ್ತೀಯಾ? ಹಳಬರನ್ನು ಕೇಳು, ನಾನು ಒಂದು ದಿನವೂ ತಪ್ಪಿದವನಲ್ಲ."

"ಫೋಲ್ಡರ್ ಹೇಳು, ತೆರೆಯುತ್ತೇನೆ," ಎಂದಿತು ಹೊಸ ಕಂಪ್ಯೂಟರ್.

ಗುಜರಿಗೆ ಹೋಗಲು ಮೂಲೆಯಲ್ಲಿ ಕೂತಿದ್ದ ಹಳೆಯ ಕಂಪ್ಯೂಟರ್ ಮೆಲ್ಲಗೆ ಹೇಳಿತು. "ನೀನು ಎಂದೂ ಹೇಳಿದವನಲ್ಲಪ್ಪಾ. ಕೊನೆಯ ಸಲ ತೆರೆದ ಫೋಲ್ಡರನ್ನೇ ಕೊಟ್ಟು ನಾನು ಸುಮ್ಮನಾಗುತ್ತಿದ್ದೆ."

"ಹೋದ ವರ್ಷ ಒಬ್ಬ ಹುಡುಗಿಯ ಟಿಕೆಟ್ಟಿನಲ್ಲಿ ಬೇರೆಯವಳ ಫೋಟೋ ಬಂದು, ಅವಳನ್ನು ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದರಲ್ಲ?" ಎಂದು ಕೇಳಿತು ಸ್ಕ್ರಿಪ್ಟ್.

"ಅದೂ ನಾನು ಕೊಟ್ಟ ಫೋಲ್ಡರೇ. ಹಳೇ ಬ್ಯಾಚಿನದು."

"ಬೈಸಿಕೊಂಡದ್ದು ಗುಮಾಸ್ತೆ ವನಜಾಕ್ಷಮ್ಮ. ನೀನು ಯಾಕೆ ಬಾಯಿ ಬಿಡಲಿಲ್ಲ?"

"ನೀನು ಸಿಟ್ಟಾಗುತ್ತೀಯ ಅಂತ."

ಅಷ್ಟರಲ್ಲಿ ವನಜಾಕ್ಷಮ್ಮ ಕನ್ನಡಕ ಹಾಕಿಕೊಂಡು ಎರರನ್ನು ಪೂರ್ತಿ ಓದಿದರು, ಸ್ಕ್ರಿಪ್ಟಿಗೆ ಫೋಲ್ಡರಿನ ಹೆಸರು ಸೇರಿಸಿದರು. ಹೊಸ ಕಂಪ್ಯೂಟರ್ ಒಂದು ಮಾತೂ ಆಡದೆ ಕೆಲಸ ಮುಗಿಸಿತು. ಮೊದಲ ಟಿಕೆಟ್ ಹಿಡಿದು ಅವರು ಕಿಟಕಿಗೆ ಬಂದರು. ಸಾಲಿನ ಮುಂದೆ ಇದ್ದವಳು ಹೋದ ವರ್ಷ ಎಬ್ಬಿಸಿ ಕಳಿಸಿದ ಹುಡುಗಿಯೇ.

ಅವಳು ಕೈ ಚಾಚಲಿಲ್ಲ. "ಈ ಸಲ ನನ್ನ ಮುಖವೇ ಇದೆಯಾ, ನೋಡಿ ಕೊಡಿ ಮೇಡಂ," ಎಂದಳು.