ಒಂದು ಹೆಜ್ಜೆಯ ತೊರೆ

ಮಕ್ಕಳೇ, ಒಂದು ಕಾಡಿನ ನಡುವೆ ಆಳವಾದ ಮಡುವಿತ್ತು. ಗುಡ್ಡದ ಮೇಲಿನಿಂದ ಸಣ್ಣ ತೊರೆಯೊಂದು ಹರಿದುಬಂದು ಆ ಮಡುವನ್ನು ಸೇರುತ್ತಿತ್ತು. ಮಡುವಿನಲ್ಲಿ ಆನೆಗಳು ಮೀಯುತ್ತಿದ್ದವು. ತೊರೆಯಲ್ಲಿ ಕೆಂಪಿ ಎಂಬ ಏಡಿ ವಾಸವಾಗಿದ್ದಳು.

ಆನೆಗಳ ಹಿಂಡಿಗೆ ಭೀಮವ್ವ ಯಜಮಾನಿ. ಅವಳ ಅಜ್ಜಿಯ ಕಾಲದಿಂದ ಒಂದು ಕಟ್ಟಳೆ ನಡೆದುಬಂದಿತ್ತು. ನೀರಿನ ದಡದ ಮರವನ್ನು ಯಾರೂ ಕೆಡವಬಾರದು. ಆದರೆ ಆನೆ ಒಂದೇ ಹೆಜ್ಜೆಗೆ ದಾಟುವ ನೀರನ್ನು ನೀರೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಈ ಕಟ್ಟಳೆಯನ್ನು ಒಂದಿಷ್ಟೂ ತಪ್ಪದೆ ನಡೆಸುತ್ತಿದ್ದೇನೆಂದು ಭೀಮವ್ವನಿಗೆ ಬಹಳ ಹೆಮ್ಮೆ.

ಒಂದು ಬೇಸಿಗೆಯಲ್ಲಿ ಹಿಂಡು ಮಡುವಿಗೆ ಅಗಲವಾದ ದಾರಿ ಮಾಡಲು ಹೊರಟಿತು. ತೊರೆಯ ಎರಡೂ ದಡದ ಮರಗಳು ಒಂದೊಂದಾಗಿ ಉರುಳತೊಡಗಿದವು.

ಕೆಂಪಿ ಭೀಮವ್ವನ ಎದುರಿಗೆ ಕಲ್ಲು ಹತ್ತಿ ಕೂತಳು. ಅವಳ ಹೊಟ್ಟೆಯ ಮಡಿಕೆಯಲ್ಲಿ ಆಗತಾನೇ ಮೊಟ್ಟೆಯೊಡೆದ ನಲವತ್ತು ಮರಿಗಳಿದ್ದವು.

"ದೊಡ್ಡವ್ವ, ಸ್ವಲ್ಪ ನಿಲ್ಲಿ. ನೆರಳು ಹೋದರೆ ನೀರು ಕಾಯುತ್ತದೆ. ನನ್ನ ಮಕ್ಕಳು ತಣ್ಣೀರಿಲ್ಲದೆ ಬದುಕುವುದಿಲ್ಲ."

"ನೀರೆಲ್ಲಿದೆ ಕೆಂಪಿ? ನನ್ನ ಕಾಲುಗುರು ನೆನೆಯುವಷ್ಟೂ ಇಲ್ಲ."

"ನಿಮ್ಮ ಕಾಲುಗುರೇ ನನ್ನ ಮನೆಗಿಂತ ದೊಡ್ಡದು, ದೊಡ್ಡವ್ವ. ಅದರಲ್ಲಿ ಅಳೆದರೆ ಹೇಗೆ?"

ಭೀಮವ್ವನ ತಂಗಿ ಚಿನ್ನಿ ನಕ್ಕುಬಿಟ್ಟಳು. ಭೀಮವ್ವ ನಗಲಿಲ್ಲ. "ನಮ್ಮ ಕಟ್ಟಳೆ ನನಗೆ ಗೊತ್ತು. ದಾರಿ ಬಿಡು," ಎಂದಳು.

ಹತ್ತು ದಿನ ಕಳೆಯಿತು. ಬಿಸಿಲು ನೇರವಾಗಿ ತೊರೆಯ ಮೇಲೆ ಬಿದ್ದು ಕಲ್ಲುಗಳು ಕಾದವು. ಅವುಗಳ ಮೇಲೆ ತೆಳ್ಳಗೆ ಹರಿಯುವ ನೀರೂ ಕಾಯಿತು. ಪುಟ್ಟ ಮೀನುಗಳು ಬಾಯಿ ತೆರೆದು ಮೇಲೆ ಬಂದವು. ಕೆಂಪಿ ಮರಿಗಳನ್ನು ಹೊತ್ತು ಮಡುವಿಗೆ ಇಳಿದಳು. ಅಲ್ಲೂ ತಂಪಿರಲಿಲ್ಲ.

ಮಧ್ಯಾಹ್ನ ಹಿಂಡು ಮೀಯಲು ಬಂತು.

"ಅಕ್ಕ, ಇದು ಮಡುವೋ ಬಚ್ಚಲಿನ ಹಂಡೆಯೋ?" ಎಂದಳು ಚಿನ್ನಿ.

"ಇಲ್ಲಿಯ ಮರ ಯಾರು ಕೆಡವಿದರು?" ಭೀಮವ್ವ ಸುತ್ತಲೂ ನೋಡಿದಳು. ಮಡುವಿನ ದಡದಲ್ಲಿ ಒಂದು ಮರವೂ ಕಡಿಮೆಯಾಗಿರಲಿಲ್ಲ.

"ತೊರೆ ಬಂದು ಸೇರುವ ಜಾಗದಲ್ಲಿ ಸೊಂಡಿಲು ಇಟ್ಟು ನೋಡಿ, ದೊಡ್ಡವ್ವ," ಎಂದಳು ಕೆಂಪಿ.

ಭೀಮವ್ವ ಇಟ್ಟು ನೋಡಿದಳು. ಒಳಗೆ ಬರುತ್ತಿದ್ದ ನೀರು ಮಡುವಿನ ನೀರಿಗಿಂತ ಬಿಸಿಯಾಗಿತ್ತು.

ಅವಳು ಅಲ್ಲಲ್ಲಿ ಸೊಂಡಿಲು ಅದ್ದುತ್ತ ತೊರೆಯ ಪಕ್ಕದಲ್ಲೇ ಗುಡ್ಡ ಹತ್ತಿದಳು. ಬೋಳು ದಡದುದ್ದಕ್ಕೂ ನೀರು ಬೆಚ್ಚಗಿತ್ತು. ಹಿಂಡು ಇನ್ನೂ ಮುಟ್ಟದ ಮರಗಳು ಗುಡ್ಡದ ನೆತ್ತಿಯಲ್ಲಿ ಉಳಿದಿದ್ದವು. ಅಲ್ಲಿ ಸೊಂಡಿಲು ಅದ್ದಿದಾಗ ತಂಪಿಗೆ ಮೈ ಜುಮ್ಮೆಂದಿತು. ಭೀಮವ್ವ ಕೆಳಗಿಳಿದು ಬಂದು ಕೆಂಪಿಯ ಮುಂದೆ ಸೊಂಡಿಲು ಚಾಚಿದಳು.

"ಹತ್ತಿಕೋ ತಾಯಿ."

ನೆತ್ತಿಯ ನೆರಳಿನಲ್ಲಿ ಕೆಂಪಿ ಮರಿಗಳನ್ನು ನೀರಿಗೆ ಬಿಟ್ಟಳು. ನಲವತ್ತರಲ್ಲಿ ಹನ್ನೊಂದು ಮಾತ್ರ ಕಾಲಾಡಿಸಿದವು. ಭೀಮವ್ವ ಎರಡು ಸಲ ಎಣಿಸಿದಳು. ಎರಡು ಸಲವೂ ಹನ್ನೊಂದೇ.

"ಇನ್ನು ಮೇಲೆ ಹರಿಯುವುದೆಲ್ಲ ನೀರೇ. ಈ ತೊರೆಯ ದಡದ ಮರ ಯಾರೂ ಮುಟ್ಟಬೇಡಿ," ಎಂದು ಅವಳು ಹಿಂಡಿಗೆ ಹೇಳಿದಳು.

"ಕೆಡವಿದ್ದಕ್ಕೆ ಏನು ಮಾಡೋಣ, ಅಕ್ಕ?" ಚಿನ್ನಿ ಕೇಳಿದಳು.

"ಸಸಿಗಳು ಬೆಳೆಯುವವರೆಗೆ ಆ ಜಾಗದಲ್ಲಿ ನಾವು ನಿಲ್ಲಬೇಕು."

ಮರುದಿನ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಭೀಮವ್ವ ಬೋಳು ದಡಕ್ಕೆ ಹೋಗಿ, ತೊರೆಗೆ ಅಡ್ಡಲಾಗಿ ಕಾಲೂರಿ ನಿಂತಳು. ಬಿಸಿಲು ಅವಳ ಬೆನ್ನಿಗೆ ಬಿತ್ತು. ಅವಳ ಹೊಟ್ಟೆಯ ಕೆಳಗೆ, ನೀರಿನ ಮೇಲೆ, ಒಂದು ಆನೆಯಷ್ಟು ನೆರಳು ಮೂಡಿತು. ಸ್ವಲ್ಪ ಹೊತ್ತಿಗೆ ಚಿನ್ನಿಯೂ ಬಂದು ಪಕ್ಕದಲ್ಲಿ ನಿಂತಳು.

ನೀತಿ: ಸಣ್ಣ ತೊರೆಯ ನೆರಳನ್ನು ಕಾಯದವರಿಗೆ ದೊಡ್ಡ ಮಡುವಿನ ತಂಪು ಉಳಿಯುವುದಿಲ್ಲ.